ಕ್ಯಾಚರ್ ಐಶ್ವರ್ಯಾಳ ಸಾಧನೆಗಳು

ಮೈಸೂರಿನ ಐಶ್ವರ್ಯಾ ಒಂದು ಕಾಲದಲ್ಲಿ ಕರ್ನಾಟಕ ಬೇಸ್‌ಬಾಲ್ ತಂಡದ ಹೆಸರಾಂತ ಕ್ಯಾಚರ್ ಆಗಿದ್ದಳೆಂಬುದು ಅಬುಧಾಬಿಯಲ್ಲಿ ಅವಳ ಗಂಡ ಗುರುದತ್ತನಿಗೆ ಮಾತ್ರ ಗೊತ್ತಿತ್ತು. ಅವನೂ ಮರೆತಿದ್ದ. ಮದುವೆಯ ಮಾತುಕತೆಯಲ್ಲಿ ಅವನ ತಾಯಿ ಚೆಲುವಮ್ಮ, ಹುಡುಗಿ ಕಾಲೇಜಿನಲ್ಲಿ ಏನೋ ಆಟ ಆಡುತ್ತಿದ್ದಳಂತೆ, ಈಗ ಬಿಟ್ಟಿದ್ದಾಳೆ ಎಂದು ನೆಂಟರಿಗೆ ಸಮಾಧಾನ ಹೇಳಿದ್ದರು. ಆ ವಿಷಯ ಅಲ್ಲಿಗೇ ಮುಗಿದಿತ್ತು.

ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಮಗಳು ನಿಸರ್ಗಳ ಶಾಲೆಯವರು ಪಾಲಕರ ಬೇಸ್‌ಬಾಲ್ ಪಂದ್ಯ ಇಟ್ಟ ದಿನ, ಕ್ಯಾಚರ್ ಆಗಬೇಕಿದ್ದವರಿಗೆ ಬೆನ್ನು ಹಿಡಿದುಕೊಂಡಿತು. ಬ್ಯಾಟು ಬೀಸುವವನ ಹಿಂದೆ ಕುಕ್ಕರುಗಾಲಲ್ಲಿ ಕೂತು ಎಸೆತಗಳನ್ನೆಲ್ಲ ಹಿಡಿಯುವ ಕೆಲಸಕ್ಕೆ ಬೇರೆ ಯಾರೂ ಮುಂದೆ ಬರಲಿಲ್ಲ. ಐಶ್ವರ್ಯಾ ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಗಂಡನಿಗೆ ಕೊಟ್ಟು, ಮುಖಕ್ಕೆ ಜಾಲರಿ ಕಟ್ಟಿಕೊಂಡು ಹೋಗಿ ಕೂತಳು. ಒಂದು ಚೆಂಡೂ ಅವಳನ್ನು ದಾಟಲಿಲ್ಲ. ಎರಡನೇ ಬೇಸಿಗೆ ಕದ್ದು ಓಡಿದ ಕೆನಡಾದ ಇಂಜಿನಿಯರನ್ನು ಕೂತಲ್ಲಿಂದಲೇ ಚೆಂಡೆಸೆದು ಔಟ್ ಮಾಡಿಸಿದಳು.

"ಅಮ್ಮಾ, ವೇರ್ ಡಿಡ್ ಯೂ ಲರ್ನ್ ದಿಸ್?" ಎಂದಳು ನಿಸರ್ಗ.

ಉತ್ತರ ಕೊಟ್ಟವನು ಗುರುದತ್ತ. "ನಿಮ್ಮಮ್ಮ ನಾಲ್ಕು ನ್ಯಾಷನಲ್ಸ್ ಆಡಿದಾಳೆ ಕಣೇ. ನಾನು ಯಾವಾಗ್ಲೂ ಹೇಳ್ತಿರ್ಲಿಲ್ವಾ?"

ಆಡಿದ್ದು ಮೂರು. ಮರುವಾರ ಆಫೀಸಿನಲ್ಲಿ ಅದು ಐದಾಯಿತು. ದುಬೈಯ ಅಲ್ ಬರ್ಷಾದಲ್ಲಿ ಗೆಳೆಯ ನಿರಂಜನನ ಮನೆಗೆ ಊಟಕ್ಕೆ ಹೋದಾಗ ಐಶ್ವರ್ಯಾ ಭಾರತ ತಂಡಕ್ಕೂ ಸೇರಿದಳು. ಮೊದಮೊದಲು ಅವಳು ತಿದ್ದಲು ಹೋದಳು. ನಿನಗೆ ನಿನ್ನ ಬೆಲೆಯೇ ಗೊತ್ತಿಲ್ಲವೆಂದು ಗುರುದತ್ತ ಗದರಿದ.

ರಾಜ್ಯೋತ್ಸವದಲ್ಲಿ ದುಬೈಯ ಕನ್ನಡ ಸಂಘದವರು ಅವಳಿಗೆ ಸನ್ಮಾನ ಮಾಡಿದರು. ಸಾಧನೆಯ ಪರಿಚಯವನ್ನು ಗುರುದತ್ತನೇ ಮಾಡಿಕೊಟ್ಟ. ಅದರಲ್ಲಿ ಅವನು ಕೊಟ್ಟ ಪ್ರೋತ್ಸಾಹದ ಪಾಲೇ ಹೆಚ್ಚಿತ್ತು. ಅಷ್ಟರಲ್ಲಿ ಊಟಕ್ಕೆ ಹೊತ್ತಾದ್ದರಿಂದ, ಶಾಲು ಹೊದ್ದು ಕೂತಿದ್ದವಳಿಗೆ ಮಾತಾಡುವ ಸರದಿ ಬರಲೇ ಇಲ್ಲ. ಜನ ಗುರುದತ್ತನ ಕೈ ಕುಲುಕಿ, ಇಂಥ ಗಂಡ ಸಿಗುವುದು ಅಪರೂಪವೆಂದರು. ಸಂಘದ ಕ್ರೀಡಾ ಸಮಿತಿಗೆ ಅವನನ್ನೇ ಅಧ್ಯಕ್ಷನನ್ನಾಗಿ ಆರಿಸಿದರು.

ವಾಪಸು ಬರುವಾಗ ಕಾರಿನಲ್ಲಿ ಅವಳು ಜಗಳ ತೆಗೆಯುವುದರಲ್ಲಿದ್ದಳು. ಅಷ್ಟರಲ್ಲಿ ಗುರುದತ್ತ, ಇನ್ನು ಮೇಲೆ ಶನಿವಾರ ಬೆಳಿಗ್ಗೆಯೆಲ್ಲ ದುಬೈಯಲ್ಲಿ ಸಮಿತಿಯ ಸಭೆ, ಊಟವೂ ಅಲ್ಲೇ ಎಂದ. ಅವಳು ಸ್ವಲ್ಪ ಯೋಚಿಸಿದಳು.

"ಹಾಗಾದ್ರೆ ಒಂದು ವಾರಾನೂ ತಪ್ಪಿಸ್ಬೇಡಿ," ಎಂದಳು.

ಈಗ ಶನಿವಾರ ಬೆಳಿಗ್ಗೆ ಗುರುದತ್ತ ದುಬೈಯಲ್ಲಿ ಅವಳ ಸಾಧನೆಗಳನ್ನು ವಿವರಿಸುತ್ತಿರುವ ಹೊತ್ತಿಗೆ, ಐಶ್ವರ್ಯಾ ಅಬುಧಾಬಿಯ ಹೆಂಗಸರ ತಂಡವೊಂದರಲ್ಲಿ ಕ್ಯಾಚರ್ ಆಗಿ ಆಡುತ್ತಾಳೆ. ಅವನು ಕೇಳಿಲ್ಲ, ಅವಳೂ ಹೇಳಿಲ್ಲ. ಕಳೆದ ವಾರ ಫೈನಲ್ ಗೆದ್ದು, ಮಂಡಿ ಹಿಡಿದುಕೊಂಡು ಕುಂಟುತ್ತ ಅಡುಗೆಮನೆಗೆ ಹೋದವಳಿಗೆ ಕ್ರೀಡಾ ಸಮಿತಿಯ ಅಧ್ಯಕ್ಷ ಬುದ್ಧಿ ಹೇಳಿದ: "ಮನೇಲೇ ಕೂತ್ರೆ ಹೀಗೇ ಆಗೋದು. ಸ್ವಲ್ಪ ವಾಕಿಂಗಾದ್ರೂ ಮಾಡೇ."