ಬಂದೂಕಿನ ಹೊಟ್ಟೆಯಲ್ಲಿದ್ದದ್ದು

2024ರ ಅಕ್ಟೋಬರ್ 6, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಸಾಲಹಳ್ಳಿಯ ಖಾಸಿಮಸಾಬನ ಪಡಸಾಲೆಯಲ್ಲಿ ಸಂಘಮಿತ್ರಾ ಹಳೆಯ ಬಂದೂಕಿನ ನಳಿಗೆಯೊಳಗೆ ಬಿದಿರುಕಡ್ಡಿಯೊಂದನ್ನು ಇಳಿಸಿದಳು. ತಳ ಮುಟ್ಟುವ ಮೊದಲೇ ಕಡ್ಡಿ ನಿಂತುಬಿಟ್ಟಿತು. ಹೊರಗಿನಿಂದ ಅಳೆದರೆ ನಳಿಗೆ ತೊಂಬತ್ತೊಂಬತ್ತು ಸೆಂಟಿಮೀಟರ್. ಒಳಗೆ ಎಂಬತ್ತೊಂಬತ್ತೇ.

ಬೈಲಹೊಂಗಲದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಅವಳಿಗೆ ಕಂಪನಿ ಸರ್ಕಾರದ ಸಿಪಾಯಿಗಳು ಹಿಡಿಯುತ್ತಿದ್ದ ಚಕಮಕಿ ಬಂದೂಕುಗಳ ಹುಚ್ಚು. ಕಿತ್ತೂರು, ಸವದತ್ತಿ ಸೀಮೆಯ ಮನೆಗಳನ್ನು ತಿರುಗಿ, ಕಾಲೇಜಿನ ಸಂಗ್ರಹಕ್ಕೆ ಎರಡು ಮುರುಕು ಬಂದೂಕು, ಬಂದೂಕಿನ ಮೂತಿಗೆ ಸಿಕ್ಕಿಸುವ ಐದು ಬಯೋನೆಟ್ ಚೂರಿ ಕೂಡಿಸಿದ್ದಳು. ಕಟ್ಟಿಗೆ, ಕೀಲು, ನಳಿಗೆ ಮೂರೂ ಕೆಡದೆ ಉಳಿದ ಬಂದೂಕನ್ನು ಕಂಡದ್ದು ಇದೇ ಮೊದಲು. ಇದನ್ನು ಬಿಟ್ಟು ಹೋಗುವ ಮನಸ್ಸು ಅವಳಿಗೆ ಎಳ್ಳಷ್ಟೂ ಇರಲಿಲ್ಲ.

ಆದರೆ ಒಳಗಿರುವುದೇನು? ಪ್ರತಿ ಖಂಡೇನವಮಿಯ ಆಯುಧಪೂಜೆಗೆ ಊರವರೆಲ್ಲ ಇಲ್ಲಿ ಸೇರಿ, ಬಂದೂಕಿನ ಬಾಯಿಗೆ ಚಿಟಿಕೆ ಎಲ್ಲಮ್ಮನ ಭಂಡಾರದ ಅರಿಶಿನ, ಚಮಚೆ ಕುಸುಬಿ ಎಣ್ಣೆ ಹಾಕುತ್ತಿದ್ದರು. ಅದು ಬಂದೂಕಿನ ಊಟ. ಆಮೇಲೆ ಬುಡದ ಸಣ್ಣ ತೂತಿನ ಪಕ್ಕದಲ್ಲೇ ಕರ್ಪೂರ ಹಚ್ಚುತ್ತಿದ್ದರು. ಆ ತೂತು ಇರುವುದೇ ಒಳಗಿನ ಸಿಡಿಮದ್ದಿಗೆ ಬೆಂಕಿ ತಾಕಿಸಲು. ಬಂದೂಕಿನ ಬಾಯಿ ಕೂತವರ ಕಡೆಗೇ ಇರುತ್ತಿತ್ತು. ಬರುವ ಶುಕ್ರವಾರವೇ ಈ ವರ್ಷದ ಪೂಜೆ.

ಒಳಗೆ ಮದ್ದು ಉಳಿದಿರಬಹುದು, ಖಾಲಿ ಮಾಡದೆ ಕರ್ಪೂರ ಹಚ್ಚಬಾರದು ಎಂದು ಅವಳು ಬಿಡಿಸಿ ಹೇಳಿದಳು. ಶೇಂಗಾ ಸುಲಿಯುತ್ತಿದ್ದ ಖಾಸಿಮಸಾಬನ ತಾಯಿ ಹುಸೇನಮಾ ತಲೆ ಎತ್ತಿದಳು.

"ಹೋದ ವರ್ಷ ಬಂದ ಹಳೇ ಸಾಮಾನಿನ ವ್ಯಾಪಾರಿ ಇದರಾಗ ದೆವ್ವ ಐತಿ ಅಂತ ಹೆದರಿಸಿ ಇದರ ಬಯೋನೆಟ್ ಒಯ್ದ. ನೀವು ಮದ್ದು ಐತಿ ಅಂತೀರಿ. ಪೂರಾ ಬಂದೂಕ ಬೇಕೇನ್ರಿ ಅಕ್ಕೋರ?"

ಸಂಘಮಿತ್ರಾ ಕಡ್ಡಿಯನ್ನು ಪಕ್ಕಕ್ಕಿಟ್ಟಳು. ಆ ವ್ಯಾಪಾರಿಯೂ ಹೀಗೆಯೇ ಇದೇ ಚಾಪೆಯ ಮೇಲೆ ಕೂತು ಹೆದರಿಸಿದ್ದನಲ್ಲ. ತನಗೂ ಬಂದೂಕು ಬೇಕೆಂಬ ಆಸೆ ಇರುವವರೆಗೆ ತನ್ನ ಮಾತಿಗೆ ತೂಕವಿಲ್ಲ.

"ಅಮ್ಮಾ, ಈ ಬಂದೂಕ ನಾ ಕೇಳೂದಿಲ್ಲ," ಎಂದಳು. "ಖಾಲಿ ಮಾಡಾಕ ಅಷ್ಟ ಬಿಡ್ರಿ."

ಊಟ ಹೊರಗೆ ತೆಗೆದರೆ ಊರವರು ಸುಮ್ಮನಿರುತ್ತಾರೆಯೇ ಎಂದು ಖಾಸಿಮಸಾಬ ಗೊಣಗಿದ. ಹುಸೇನಮಾ ಮಗನನ್ನೇ ನೋಡಿದಳು.

"ಹೊಟ್ಟಿ ಕಟ್ಟಿದ್ರ ನಿನಗ ಜುಲಾಬ ಕೊಟ್ಟಿಲ್ಲೇನೋ? ತಗೀಲಿ. ಆದ್ರ ಎಲ್ಲಾರ ಮುಂದ ತಗೀಲಿ."

ಒಳಗಿನ ಮದ್ದು ನೆನೆಯಲೆಂದು ಸಂಘಮಿತ್ರಾ ತೂತಿನಿಂದ ಸಿರಿಂಜಿನಲ್ಲಿ ನೀರು ಬಿಟ್ಟಳು. ಬಂದೂಕನ್ನು ಹಿತ್ತಲ ಗೋಡೆಗೆ ಬಾಯಿ ಮಾಡಿ ಇಟ್ಟು, ದಿನವೂ ಹಾಗೆಯೇ ನೀರುಣಿಸಲು ಖಾಸಿಮಸಾಬನಿಗೆ ಹೇಳಿಹೋದಳು.

ಬುಧವಾರ ರಾಮದುರ್ಗದ ಬಸ್ಸಿಳಿದು ಬಂದಾಗ ಅಂಗಳ ತುಂಬಿತ್ತು. ಕಬ್ಬಿಣಕ್ಕೆ ಕಬ್ಬಿಣ ತಾಗಿ ಕಿಡಿ ಹಾರೀತೆಂದು ಅವಳು ಕೋಲಿನ ತುದಿಗೆ ಹಿತ್ತಾಳೆಯ ತಿರುಪು ಬಿಗಿದು ತಂದಿದ್ದಳು. ಮೊದಲು ಬಂದದ್ದು ಬರೀ ಹಳದಿ ಕೆಸರು. ಇದು ನಮ್ಮ ಭಂಡಾರವೇ ಎಂದು ಜನ ನಕ್ಕರು. ಆದರೂ ಅವಳು ತಿರುಪು ತಿರುಗಿಸುತ್ತಲೇ ಇದ್ದಳು. ಆಮೇಲೆ ಕೊಳೆತ ಕಾಗದದ ಉಂಡೆ ಬಂತು. ಅದರ ಹಿಂದೆ, ತಿರುಪಿನ ತುದಿಗೆ ಕಚ್ಚಿಕೊಂಡು, ಬೂದುಬಣ್ಣದ ಸೀಸದ ಗುಂಡು. ಕೊನೆಗೆ ಗಂಧಕ ನಾರುವ ಕಪ್ಪು ರಾಡಿ.

ನಗು ನಿಂತಿತು. ವರ್ಷವರ್ಷವೂ ಕರ್ಪೂರ ಹಚ್ಚಿದ್ದ ಕೈಯನ್ನು ಹುಸೇನಮಾ ಸೆರಗಿಗೆ ಒರೆಸಿಕೊಂಡಳು.

ಸಂಘಮಿತ್ರಾ ನಳಿಗೆ ತೊಳೆದು, ಒಣಗಿಸಿ, ಎಣ್ಣೆ ಸವರಿ, ಚೀಲ ಹೆಗಲಿಗೇರಿಸಿದಳು. ಬಂದೂಕಿನ ಕಡೆ ತಿರುಗಿಯೂ ನೋಡಲಿಲ್ಲ.

"ಕೇಳೂದಿಲ್ಲ ಅಂದ್ರಿ, ಖರೇನ ಕೇಳಲಿಲ್ಲ," ಎಂದಳು ಹುಸೇನಮಾ. "ಪೂಜಿ ಮುಗದ ಮ್ಯಾಲೆ ಒಯ್ರಿ. ನಿಮ್ಮ ಹುಡುಗೂರು ನೋಡಲಿ. ಆದ್ರ ಅದು ಈ ಮನಿ ಮಗಳು. ವರ್ಷಾ ವರ್ಷಾ ಖಂಡೇನವಮಿಗೆ ತವರಿಗೆ ಕರಕೊಂಡ ಬರಬೇಕ್ರಿ."

ಕರೆತರುತ್ತೇನೆಂದು ಸಂಘಮಿತ್ರಾ ಮಾತು ಕೊಟ್ಟಳು. ಚೀಲ ಇಳಿಸಿ, ಪುಟ್ಟ ತಕ್ಕಡಿ ತೆಗೆದು, ಎಲ್ಲರೂ ಬಗ್ಗಿ ನೋಡುತ್ತಿರುವಂತೆ ಗುಂಡನ್ನು ತೂಗಿದಳು. ಕಂಪನಿ ಸಿಪಾಯಿಯ ಗುಂಡಿನಷ್ಟೇ, 31.4 ಗ್ರಾಂ.