ಹಾಲಿನ ನಿಯಮ

“ಹಾಲು ಕುಡಿಸ್ದೋಳೂ ತಾಯೀನೇ. ಅದನ್ನೂ ಬರ್ಕೋ,” ಎಂದಳು ಶಂಶುನ್ನೀಸಾ.

ಮೊಮ್ಮಗಳು ರಿಮ್ಶಾ ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡಳು. ಕಾಲೇಜಿನಲ್ಲಿ ಕೊಟ್ಟ ಕೆಲಸ ಅದು. ಗೊತ್ತಿರುವ ಸಂಗತಿಗಳನ್ನೂ ಒಂದಷ್ಟು ನಿಯಮಗಳನ್ನೂ ಕೊಟ್ಟರೆ ಪ್ರೋಗ್ರಾಮು ಹೊಸ ಸಂಗತಿಯೊಂದನ್ನು ಕಂಡುಕೊಳ್ಳಬೇಕು. ಅದನ್ನು ಹಿಡಿದು ಮತ್ತೊಂದನ್ನು. ಹೊಸದೇನೂ ಸಿಗದಾದಾಗ ನಿಲ್ಲಬೇಕು. ರಿಮ್ಶಾ ತನ್ನ ಮನೆಯವರ ನಂಟನ್ನೇ ಆರಿಸಿಕೊಂಡಿದ್ದಳು. ಒಂದೇ ತಾಯಿಯ ಗಂಡುಮಕ್ಕಳು ಅಣ್ಣತಮ್ಮಂದಿರು, ಅಪ್ಪನ ತಮ್ಮ ಚಿಕ್ಕಪ್ಪ, ಹೀಗೆ.

“ಯಾರ್ಯಾರಿಗೆ ಕುಡಿಸಿದೀರ ದಾದಿ?” ಎಂದು ಅಜ್ಜಿಯನ್ನು ಕೇಳಿದಳು.

“ನನ್ನ ಮೂರು ಮಕ್ಳಿಗೆ. ಆಮೇಲೆ ಪಕ್ಕದ್ಮನೆ ದೊಡ್ಡಮುನಿಯಪ್ಪಂಗೆ. ನಿಮ್ಮಪ್ಪನಿಗಿಂತ ಒಂದು ತಿಂಗಳು ಚಿಕ್ಕೋನು. ಅವರಮ್ಮ ವೆಂಕಟಮ್ಮಂಗೆ ಟೈಫಾಯ್ಡ್ ಆಗಿತ್ತು, ಪಾಪ.”

ರಿಮ್ಶಾಳ ಬೆರಳು ನಿಂತಿತು. ಹೊರಗೆ ಹಲಸೂರಿನ ಆ ಓಣಿಯಲ್ಲಿ ದೊಡ್ಡಮುನಿಯಪ್ಪನ ಸಾಮಾನು ಟೆಂಪೋ ಏರುತ್ತಿತ್ತು. ಮನೆ ಖಾಲಿ ಮಾಡಿ ಕೃಷ್ಣರಾಜಪುರಕ್ಕೆ ಹೊರಟಿದ್ದ. ಮೂರು ವರ್ಷದ ಹಿಂದೆ ಚರಂಡಿ ಪೈಪಿನ ಜಗಳದಲ್ಲಿ ಅವಳಪ್ಪ ಬಷೀರ್ “ನೀನ್ಯಾರು ನಂಗೆ?” ಎಂದುಬಿಟ್ಟಿದ್ದ. ಅಂದಿನಿಂದ ಅವರಿಬ್ಬರಿಗೆ ಮಾತಿರಲಿಲ್ಲ.

ಅವಳು ಆ ಹೆಸರನ್ನೂ ಸೇರಿಸಿ ಪ್ರೋಗ್ರಾಮು ಓಡಿಸಿದಳು. ಸಾಲುಗಳು ಒಂದರ ಹಿಂದೊಂದು ಮೂಡಿದವು.

“ಅಬ್ಬಾ, ಇಲ್ಬನ್ನಿ ಸ್ವಲ್ಪ,” ಎಂದು ಅಪ್ಪನನ್ನು ಕರೆದಳು.

ಬಷೀರ್ ಕನ್ನಡಕ ಏರಿಸಿಕೊಂಡು ಬಾಗಿ ಓದಿದ. ಶಂಶುನ್ನೀಸಾ ದೊಡ್ಡಮುನಿಯಪ್ಪನ ತಾಯಿ. ದೊಡ್ಡಮುನಿಯಪ್ಪ ಬಷೀರನ ತಮ್ಮ. ದೊಡ್ಡಮುನಿಯಪ್ಪ ರಿಮ್ಶಾಳ ಚಿಕ್ಕಪ್ಪ.

“ಯಾರು ಬರೆದಿದ್ದು ಇದು?”

“ನಾನಲ್ಲ. ದಾದಿ ಹೇಳಿದ್ದಷ್ಟೇ ಹಾಕಿದ್ದು. ಮಿಕ್ಕಿದ್ದು ಅದೇ ಕಂಡ್ಕೊಂಡಿದೆ.”

ಬಷೀರ್ ತಾಯಿಯತ್ತ ತಿರುಗಿದ. “ನಂಗ್ಯಾಕಮ್ಮಾ ಹೇಳ್ಲಿಲ್ಲ?”

“ಹೇಳೋಕೇನಿದೆ? ಮಗು ಹಸ್ಕೊಂಡಿತ್ತು.”

ಅವನು ಬರಿಗಾಲಲ್ಲೇ ಹೊರಗೆ ಹೋದ. ದೊಡ್ಡಮುನಿಯಪ್ಪ ಕನ್ನಡಿ ಬೀರುವಿನ ಒಂದು ತುದಿ ಹಿಡಿದು ಏದುಸಿರು ಬಿಡುತ್ತಿದ್ದ. ಬಷೀರ್ ಇನ್ನೊಂದು ತುದಿ ಎತ್ತಿದ. ಇಬ್ಬರೂ ಟೆಂಪೋ ಕಡೆಗೆ ನಾಲ್ಕು ಹೆಜ್ಜೆ ನಡೆದರು.

“ಮುನೀ, ಹಾಲಿನ ವಿಷ್ಯ ಅಮ್ಮ ಈಗ ಹೇಳಿದ್ಲು.”

“ಈಗ?” ದೊಡ್ಡಮುನಿಯಪ್ಪ ನಿಂತ. “ನಮ್ಮವ್ವ ನಂಗೆ ಯಾವತ್ತೋ ಹೇಳಿದ್ಲು ಕಣೋ. ನಿಂಗೂ ಗೊತ್ತಿದೆ ಅನ್ಕೊಂಡಿದ್ದೆ. ಗೊತ್ತಿದ್ದೂ ‘ನೀನ್ಯಾರು’ ಅಂದ್ಬಿಟ್ಯಲ್ಲ ಅಂತ್ಲೇ ನಾನು ಮಾತು ಬಿಟ್ಟಿದ್ದು.”

ಬಷೀರ್ ಬೀರುವನ್ನು ಅಲ್ಲೇ ನೆಲಕ್ಕಿಳಿಸಿದ. ಅಷ್ಟರಲ್ಲಿ ಶಂಶುನ್ನೀಸಾ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದಳು.

“ಬಿಸಿಲಲ್ಲೇನು ಮಾಡ್ತಿದೀರ ಇಬ್ರೂ? ಒಳಗ್ಬನ್ನಿ.”

ಟೆಂಪೋದವನು ಎರಡು ಸಲ ಹಾರ್ನ್ ಹೊಡೆದು ಸುಮ್ಮನಾದ. ಓಣಿಯ ನಡುವೆ ನಿಂತಿದ್ದ ಬೀರುವಿನ ಕನ್ನಡಿಯಲ್ಲಿ ಬಷೀರನ ಮನೆಯ ತೆರೆದ ಬಾಗಿಲು ಕಾಣುತ್ತಿತ್ತು. ಹೊಸ್ತಿಲಿನ ಹೊರಗೆ, ದೊಡ್ಡಮುನಿಯಪ್ಪ ಬಿಟ್ಟು ಒಳಹೋದ ಚಪ್ಪಲಿ.