ಮಸ್ಟಾಂಗಿನ ಖಂಡೇಪೂಜೆ

ಬಕೀಟಿನ ನೀರಿನಲ್ಲಿ ಎರಡು ಬಿಳಿ ಪಟ್ಟೆಗಳು ತೇಲುತ್ತಿದ್ದವು. ಶಾವಿಗೆ ಎಂದುಕೊಂಡೆ. ಹಬ್ಬದ ದಿನ ಬೆಳಿಗ್ಗೆ ಹಿತ್ತಲಿನ ಬಕೀಟಿಗೆ ಶಾವಿಗೆ ಎಲ್ಲಿಂದ ಬಂತೆಂದು ಬಗ್ಗಿ ನೋಡಿದೆ. ಅವು ನನ್ನ ಗಂಡ ಐದಾರು ತಿಂಗಳಿಂದ ಕೂತು ಕಟ್ಟಿದ ಪ್ಲಾಸ್ಟಿಕ್ ಕಾರಿನ ಪಟ್ಟೆಗಳು.

“ಅತ್ತೀ! ಏನ್ ಮಾಡೀರಿ ಇದು?”

ನಾನು ಕೂಗಿದ್ದು ಮೂರು ಮನೆಯಾಚೆ ಕೇಳಿರಬೇಕು. ನನ್ನ ಗಂಟಲೇ ಹಾಗೆ, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಕಲಿಸಿ ಆದದ್ದು. ನಲ್ಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ನಮ್ಮತ್ತೆ ಬಾಳವ್ವ ತಲೆಯೆತ್ತಲೂ ಇಲ್ಲ.

“ಯಾಕ ಹಂಗ ಬಡಕೋತಿ? ಇವತ್ತ ಖಂಡೇಪೂಜಿ ಐತಿ. ಗಾಡಿ ತೊಳದೇನಿ.”

ಮಹಾನವಮಿಯ ದಿನ ನಮ್ಮ ಕಡೆ ಮನೆಯ ಕಬ್ಬಿಣಕ್ಕೆಲ್ಲ ಸ್ನಾನ, ಗಾಡಿಗಳಿಗೆಲ್ಲ ಸ್ನಾನ, ಆಮೇಲೆ ವಿಭೂತಿ, ಕುಂಕುಮ, ಚೆಂಡುಹೂವು. ಮಣೆಯ ಮೇಲೆ ಈಳಿಗೆ, ಕುಡಗೋಲು, ಹಾರೆ, ನಟ್ಟು ಬಿಚ್ಚುವ ಒಂದೆರಡು ಪಾನಾ ಸಾಲಾಗಿ ಮಲಗಿದ್ದವು. ಅವುಗಳ ನಡುವೆ ಅಂಗೈಗಿಂತ ಸ್ವಲ್ಪ ಉದ್ದದ ನೀಲಿ ಕಾರು. ಮೂತಿಯಿಂದ ಬಾಲದವರೆಗೆ ಉದ್ದಕ್ಕೆ ಎರಡು ಬಿಳಿ ಪಟ್ಟೆ ಇದ್ದ ಜಾಗ ಬೋಳಾಗಿತ್ತು. ಅದರ ಬದಲು ಬಾನೆಟ್ಟಿನ ಮೇಲೆ ಅಡ್ಡಕ್ಕೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಹೊಸ ಬಣ್ಣದ ಮೇಲೆ ವಿಭೂತಿ ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಕೆರೆದರೂ ಬರುವಂತಿರಲಿಲ್ಲ.

ಅಯ್ಯೋ ಶಿವನೇ, ಗಂಡನಿಗೆ ಏನು ಹೇಳಲಿ ಎಂದು ನಾನು ಅಲ್ಲೇ ಕೂತುಬಿಟ್ಟೆ.

ಆ ಕಾರಿನ ಕತೆ ಹೇಳಬೇಕು. ನನ್ನ ಗಂಡ ಬಸವಪ್ರಭು ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡುತ್ತಾರೆ. ಮೊದಲು ನಮ್ಮ ಬಿಳಿ ಕಾರಿನಲ್ಲೇ ಹೋಗಿ ಬರುತ್ತಿದ್ದರು. ಭಾನುವಾರ ಬಂತೆಂದರೆ ಧಾರವಾಡದಲ್ಲಿ ನಿಲ್ಲುವ ಮನುಷ್ಯನೇ ಅಲ್ಲ. ಅಳ್ನಾವರ, ಸವದತ್ತಿ, ಸುಮ್ಮನೆ ಹುಬ್ಬಳ್ಳಿಗೆ ಹೋಗಿ ಒಂದು ಗಿರಮಿಟ್ಟು ತಿಂದು ಬರುವುದು. ಹೋದ ವರ್ಷ ಉಪ್ಪಿನಬೆಟಗೇರಿಯಲ್ಲಿ ಮದುವೆ ಮುಗಿಸಿಕೊಂಡು ಬರುವಾಗ ಮುಸ್ಸಂಜೆಯಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರೊಂದು ಒಮ್ಮೆಲೇ ಮುಂದೆ ಕಂಡಿತು. ಇವರು ಬ್ರೇಕ್ ಒತ್ತಿದರೂ ಕಾರಿನ ಮೂತಿ ಹೋಗಿ ಅದಕ್ಕೆ ಗುದ್ದಿತು. ನಾನು ಮುಂದಕ್ಕೆ ಹಾರಿ ಡ್ಯಾಶ್‌ಬೋರ್ಡಿಗೆ ಬಡಿದೆ. ನನ್ನ ಮೊಣಕಾಲು ಒಡೆಯಿತು, ಹೆಗಲಿನ ಎಲುಬು ಮುರಿಯಿತು. ಇವರಿಗೆ ಒಂದು ಗೀರೂ ಇಲ್ಲ.

ನಾನು ಆಸ್ಪತ್ರೆಯಿಂದ ಎದ್ದು ಬಂದೆ, ಕಾರು ಗ್ಯಾರೇಜಿನಿಂದ ರಿಪೇರಿಯಾಗಿ ಬಂತು. ಇವರು ಮಾತ್ರ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಕೇಳಿದರೆ, “ಕಣ್ಣ ಮಂದ ಆಗ್ಯಾವ” ಎಂದರು. ಕಾರಿನ ಮೇಲೆ ಹೊದಿಕೆ ಬಿತ್ತು. ಇವರು ಬಸ್ಸು ಹಿಡಿದರು. ಭಾನುವಾರ ಬಂದರೆ ಪೇಪರು ಹಿಡಿದು ಗೋಡೆ ನೋಡುತ್ತ ಕೂಡುವ ಗಂಡಸನ್ನು ನೋಡಿ ನೋಡಿ ನನಗೆ ಕುಂಟುವ ಕಾಲಿಗಿಂತ ಅದೇ ಹೆಚ್ಚು ನೋವಾಗುತ್ತಿತ್ತು.

ಅದನ್ನು ನೋಡಲಾರದೆ, ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದು ಓದುವ ನಮ್ಮ ಮಗಳು ಸೌಮ್ಯಾ ಆನ್‌ಲೈನಿನಲ್ಲಿ ಒಂದು ಡಬ್ಬಿ ತರಿಸಿ ಕೊಟ್ಟಳು. ಮೇಲೆ ಉದ್ದ ಮೂತಿಯ ಅಮೆರಿಕದ ಕಾರಿನ ಚಿತ್ರ, ೧೯೬೮ರ ಮಸ್ಟಾಂಗ್. ಒಳಗೆ ಪ್ಲಾಸ್ಟಿಕ್ಕಿನ ಚೌಕಟ್ಟುಗಳು, ಅವುಗಳಿಗೆ ಅಂಟಿಕೊಂಡ ನೂರಾರು ಚೂರು. “ಇದೇನ ಕಾರ? ಹಪ್ಪಳ ಸಂಡಿಗಿ ಇದ್ದಂಗ ಐತಿ” ಎಂದು ನಾನು ನಕ್ಕಿದ್ದೆ.

ಆದರೆ ಇವರು ಅದಕ್ಕೆ ಅಂಟಿಕೊಂಡರು. ಒಂದೊಂದೇ ಚೂರು ಕತ್ತರಿಸಿ, ಉಗುರಿನಷ್ಟು ಮರಳುಕಾಗದದಿಂದ ಉಜ್ಜಿ, ಚಿಮಟದಲ್ಲಿ ಹಿಡಿದು ಬಣ್ಣ ಬಳಿದರು. ಎಂಟು ಸಿಲಿಂಡರಿನ ಎಂಜಿನ್ನು ಕಟ್ಟಿ ಅದಕ್ಕೆ ದಾರದಷ್ಟು ತೆಳ್ಳಗಿನ ವೈರು ಎಳೆದರು. ಮೈಗೆ ಮೊದಲು ಬೂದಿಬಣ್ಣ, ಅದು ಒಣಗಿದ ಮೇಲೆ ನೀಲಿ, ಉಜ್ಜಿ ಮತ್ತೆ ನೀಲಿ. ಹಿತ್ತಲಿನ ಕೋಣೆಯೆಲ್ಲ ಥಿನ್ನರ್ ವಾಸನೆ. ಕಣ್ಣು ಮಂದವಾಗಿದೆಯೆಂದು ಗಾಡಿ ಬಿಟ್ಟವರು ಸಾಸಿವೆಕಾಳಿನಷ್ಟು ನಟ್ಟಿಗೆ ಬೆಳ್ಳಿಬಣ್ಣ ಹಚ್ಚುತ್ತಾರೆ! ಒಮ್ಮೆ ಬಾಯಿಬಿಟ್ಟು ಅಂದೇಬಿಟ್ಟೆ. “ಅದು ಬ್ಯಾರೆ, ಇದು ಬ್ಯಾರೆ” ಎಂದು ಮುಖ ತಿರುಗಿಸಿದರು.

ಬಿಳಿ ಪಟ್ಟೆಗಳು ಬಂದದ್ದು ಕೊನೆಗೆ. ತೆಳ್ಳನೆಯ ಪೊರೆಯಂಥವು, ನೀರಿನಲ್ಲಿ ನೆನೆಸಿ ಕಾಗದದಿಂದ ಜಾರಿಸಿ ಕಾರಿನ ಮೇಲೆ ಕೂಡಿಸಬೇಕು. ಮೇಲೊಂದು ಹೊಳಪಿನ ಕೋಟು ಬೀಳುವವರೆಗೆ ನೀರು ತಾಗಿದರೆ ಮತ್ತೆ ಜಾರಿಬಿಡುತ್ತವೆ. ಅಂಥ ಪಟ್ಟೆ ಡಬ್ಬಿಯಲ್ಲಿ ಒಂದೇ ಜೊತೆ. “ಹಬ್ಬ ಮುಗಿಯೂತನಾ ಯಾರೂ ಮುಟ್ಟಬ್ಯಾಡ್ರಿ” ಎಂದು ಮನೆಗೆಲ್ಲ ಸಾರಿದ್ದರು. ನಮ್ಮತ್ತೆಯ ಕಿವಿಗೆ ಅದು ಬಿದ್ದಿತ್ತೋ ಇಲ್ಲವೋ, ಆ ದೇವರಿಗೇ ಗೊತ್ತು.

“ಅಲ್ರಿ ಅತ್ತೀ, ಹೊರಗ ಖರೇ ಕಾರ್ ನಿಂತೈತಲ್ಲ, ಅದನ್ನ ತೊಳೀಬೇಕಿತ್ತಿಲ್ಲೋ?”

“ಅದು ಇವತ್ತ ಹೊಂಟೈತಲ್ಲ!” ಅತ್ತೆ ನನ್ನನ್ನೇ ದಡ್ಡಿಯ ಹಾಗೆ ನೋಡಿದರು. “ಹೋಗೂ ಗಾಡಿಗೆ ಪೂಜಿ ಮಾಡಿದ್ರ ಲಕ್ಷ್ಮೀನ್ನ ಕೈಹಿಡದು ಹೊರಗ ಕಳಿಸಿದಂಗ. ಗಾಡಿ ಇಲ್ಲದ ಖಂಡೇಪೂಜಿ ಈ ಮನ್ಯಾಗ ಎಂದೂ ಆಗಿಲ್ಲ. ಉಳಿಯೂ ಗಾಡಿ ಇದ ಒಂದ. ಮಾಡೇನಿ.”

ಖರೇ ಮಾತು. ಇವರು ಕಾರು ಮಾರಿಬಿಟ್ಟಿದ್ದರು. ನನಗೆ ಒಂದು ಮಾತು ಕೇಳದೆ ಬೆಂಗೇರಿಯ ಇಸ್ತಿಯಾಕನ ಜೊತೆ ಮಾತು ಮುಗಿಸಿ ಬಂದಿದ್ದರು. ಹಳೆ ಕಾರು ಕೊಂಡು ಮಾರುವವನು ಅವನು. ಹಬ್ಬದ ದಿನವೇ ಗಿರಾಕಿಗೆ ಗಾಡಿ ಕೊಡಬೇಕು, ಮುಂಜಾನೆ ಬಂದು ಒಯ್ಯುತ್ತೇನೆ, ಬ್ಯಾಟರಿ ಸತ್ತಿದ್ದರೆ ಹಗ್ಗ ಕಟ್ಟಿ ಎಳೆಯುತ್ತೇನೆ ಎಂದಿದ್ದ. ಎಷ್ಟು ಜಗಳಾಡಿದೆ, ಎರಡು ದಿನ ಊಟ ಬಿಟ್ಟೆ. ಈ ಕಾರು ಗೇಟು ದಾಟಿತೆಂದರೆ ನನ್ನ ಗಂಡ ಬದುಕಿರುವವರೆಗೆ ಸ್ಟೇರಿಂಗ್ ಹಿಡಿಯುವುದಿಲ್ಲ, ಹಳೆಯ ಬಸವಪ್ರಭು ಮರಳಿ ಬರುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವರು ಗೋಡೆಗೆ ಹೇಳಿದಂತೆ ನನ್ನ ಹೆಸರು ಹಿಡಿದು, “ಮುಗೀತು ಬಿಡು, ಆರತಿ” ಎಂದಿದ್ದರು.

ಅಷ್ಟರಲ್ಲಿ ಅವರೇ ಸ್ನಾನ ಮುಗಿಸಿ ಟಾವೆಲ್ಲು ಹೆಗಲಿಗೆ ಹಾಕಿಕೊಂಡು ಹಿತ್ತಲಿಗೆ ಬಂದರು. ಬಕೀಟು ನೋಡಿದರು. ಮಣೆ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ. ಈಗ ಮನೆ ಹಾರುತ್ತದೆ ಎಂದುಕೊಂಡೆ. ಕಣ್ಣು ತೆರೆದರೆ, ಗರ ಬಡಿದವರ ಹಾಗೆ ನಿಂತಿದ್ದಾರೆ.

“ಬಂದ್ಯಾ ಬಸೂ? ಛಲೋ ಆತು. ಬಾ, ಲಿಂಬಿಹಣ್ಣ ಮ್ಯಾಲೆ ಹಾಯ್ಸು” ಎಂದರು ಅತ್ತೆ.

ಪೂಜೆಯಾದ ಗಾಡಿಯನ್ನು ಅದರ ಯಜಮಾನ ನಿಂಬೆಹಣ್ಣಿನ ಮೇಲೆ ಹಾಯಿಸಬೇಕು. ಇಡೀ ಹಣ್ಣು ಕಾರಿಗಿಂತ ಎತ್ತರವಾಗುತ್ತದೆಂದು ಅತ್ತೆ ಹೋಳು ಮಾಡಿ ನಾಲ್ಕೂ ಗಾಲಿಗೆ ಒಂದೊಂದು ಚೂರು ಇಟ್ಟಿದ್ದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

“ಯವ್ವಾ, ಅದು ಓಡೂದಲ್ಲ. ನೋಡೂದು ಅಷ್ಟ” ಎಂದರು ಇವರು, ಸಣ್ಣ ದನಿಯಲ್ಲಿ.

“ಗಾಲಿ ಅದಾವ, ಓಡಂಗಿಲ್ಲ ಅಂದ್ರ?” ಎಂದವರೇ ಅತ್ತೆ ಕಾರಿನ ತಲೆಯ ಮೇಲೆ ಅಂಗೈ ಊರಿ, ಖಾರ ಅರೆಯುವ ಕಲ್ಲು ತಳ್ಳಿದ ಹಾಗೆ ಒಮ್ಮೆ ತಳ್ಳಿದರು.

ಟಕ್ಕೆಂದಿತು. ಮುಂದಿನ ಎರಡು ಗಾಲಿ ಕಿತ್ತು ಕಲ್ಲಿನ ಮೇಲೆ ಉರುಳಿದವು. ಮೈ ಒಂದು ಕಡೆ, ತಳ ಒಂದು ಕಡೆ. ಅತ್ತೆ ಕೈ ಹಿಂದೆಳೆದುಕೊಂಡರು, ಅವರ ಮುಖ ಬಿಳಿಚಿತು. “ಯಪ್ಪಾ, ಮುರದೇ ಬಿಟ್ನೆಲ್ಲೋ...”

ನಾನು ಲಗುಬಗೆಯಿಂದ ಚೂರುಗಳನ್ನು ಸೆರಗಿಗೆ ಆರಿಸತೊಡಗಿದೆ. ಮೈ ಕಳಚಿದ ಕಾರಿನ ಒಳಗೆ ಸೀಟುಗಳು ಕಾಣುತ್ತಿದ್ದವು. ಅಮೆರಿಕದ ಗಾಡಿ, ಸ್ಟೇರಿಂಗ್ ಎಡಕ್ಕೆ. ಆ ಸೀಟು ಬರಿದಾಗಿತ್ತು. ಅದರ ಪಕ್ಕದ ಸೀಟಿಗೆ, ಓಡಿಸುವವನ ಹೆಂಡತಿ ಕೂಡುವ ಸೀಟಿಗೆ, ಕಪ್ಪು ಬಣ್ಣದ ಒಂದು ಬೆಲ್ಟಿತ್ತು. ಅಕ್ಕಿಕಾಳಿನಷ್ಟು ಕೊಂಡಿ ಫಳಫಳ ಹೊಳೆಯುತ್ತಿತ್ತು. ಹತ್ತಿರ ಹಿಡಿದು ನೋಡಿದೆ. ಕೊಂಡಿಯ ಮೇಲೆ ಅರ್ಧ ಅಳಿಸಿದ ಕೆಂಪು ಅಕ್ಷರ. ಅದು ನನ್ನ ನೋವಿನ ಗುಳಿಗೆಯ ಪಟ್ಟಿಯ ಬೇಗಡೆ.

ಆ ಬೆಲ್ಟು ಡಬ್ಬಿಯಲ್ಲಿ ಬಂದದ್ದಲ್ಲ. ಇವರು ಕೈಯಾರೆ ಮಾಡಿದ್ದು.

“ಏನ್ರೀ ಇದು? ಒಂದ ಸೀಟಿಗೆ ಯಾಕ?”

ಅವರು ಟಾವೆಲ್ಲಿನ ತುದಿ ಹಿಂಡತೊಡಗಿದರು.

“ಕೇಳಾಕತ್ತೇನಿ. ಹೇಳ್ರಿ!”

“ಅವತ್ತ ನೀ ಹಾಕ್ಕೊಳ್ಳಾಕ ಹೋಗಿದ್ದಿ” ಎಂದರು. “ನಾನ ಬ್ಯಾಡ ಅಂದೆ. ಹೊಸಾ ರೇಷ್ಮಿ ಸೀರಿ ಮುದುಡತೈತಿ, ಇಲ್ಲೇ ಹೋಗೂದೈತಿ, ಬೆಲ್ಟ್ ಬ್ಯಾಡ ಬಿಡು ಅಂದೆ. ನೀ ನಕ್ಕು ಬಿಟ್ಟಿ. ನಾ ಹಾಕ್ಕೊಂಡಿದ್ದೆ ಆರತಿ. ನಾ ಹಾಕ್ಕೊಂಡು ನಿನಗ ಬ್ಯಾಡ ಅಂದೆ.”

ಖರೇ ಹೇಳುತ್ತೇನೆ, ನನಗೆ ಆ ಮಾತು ನೆನಪೇ ಇರಲಿಲ್ಲ. ಆ ಸೀರೆ ನೆನಪಿತ್ತು, ಟ್ರ್ಯಾಕ್ಟರು ನೆನಪಿತ್ತು. ಸೀರೆ ಚಂದ ಕಾಣಲಿ ಎಂದು ಪ್ರೀತಿಯಿಂದ ಆಡಿದ ಒಂದು ಮಾತನ್ನು ಈ ಮನುಷ್ಯ ವರ್ಷವಿಡೀ ಎದೆಯಲ್ಲಿಟ್ಟುಕೊಂಡು ಕೊರಗಿದ್ದಾನೆ. ಪಕ್ಕದಲ್ಲೇ ಮಲಗಿದ ನನಗೆ ಗೊತ್ತಿಲ್ಲ! ಕಣ್ಣು ಮಂದವಂತೆ, ಕಣ್ಣು!

ದುಃಖ ಬಂತು. ದುಃಖ ಬಂದಾಗ ನನಗೆ ಮೊದಲು ಸಿಟ್ಟೇ ಬರುವುದು. ಸೆರಗಿನ ಚೂರುಗಳನ್ನು ಅತ್ತೆಯ ಮಡಿಲಿಗೆ ಸುರಿದು, ಗೋಡೆಯ ಮೊಳೆಯಿಂದ ಕೀಲಿ ಕಿತ್ತುಕೊಂಡು, ಕುಂಟುತ್ತ ಮುಂಬಾಗಿಲಿಗೆ ನಡೆದೆ. ಕಾರಿನ ಹೊದಿಕೆ ಎಳೆದು ಒಗೆದೆ. ಧೂಳು ಮೂಗಿಗೆ ಬಡಿಯಿತು. ಎಡಗಡೆಯ ಸೀಟಿನಲ್ಲಿ ಕೂತು, ಬೆಲ್ಟು ಎಳೆದು ಹಾಕಿಕೊಂಡು, ಕೈ ಚಾಚಿ ಹಾರ್ನ್ ಒತ್ತಿದೆ. ಬ್ಯಾಟರಿ ಸತ್ತಿತ್ತು, ಕಿಂವ್ ಎನ್ನಲಿಲ್ಲ. ಪರವಾಗಿಲ್ಲ, ನನ್ನ ಗಂಟಲಿತ್ತಲ್ಲ.

“ರೀ! ಬರ್ತೀರೋ ಇಲ್ಲೋ? ಬರಲಿಲ್ಲಂದ್ರ ನಾ ಈ ಗಾಡ್ಯಾಗ ಕುಂತ ಬೆಂಗೇರಿಗೆ ಹೊಕ್ಕೇನಿ! ನನ್ನೂ ಕೂಡ ಮಾರಿಬಿಡ್ರಿ!”

ಎದುರು ಮನೆಯವರು ರಂಗೋಲಿ ಬಿಟ್ಟು ನೋಡಿದರು. ನೋಡಲಿ. ಇವರು ಬಾಗಿಲಲ್ಲಿ ಬಂದು ನಿಂತರು. ಹಿಂದೆ ಅತ್ತೆ, ಉಡಿಯಲ್ಲಿ ಮುರಿದ ಮಸ್ಟಾಂಗ್ ಹಿಡಿದುಕೊಂಡು. ಏನು ತಿಳಿಯಿತೋ, ಮಗನ ಬೆನ್ನಿಗೆ ಕೈಹಚ್ಚಿ ದೂಡಿದರು. “ಹೋಗಪಾ. ಆಕಿ ಗಂಟಲ ಹರಕೋತಾಳ.”

ಅವರು ಬಂದು ಕೂತರು. ನಾನು ಕೀಲಿ ಕೊಟ್ಟೆ. ಅದನ್ನು ಹಾಕುವ ಮೊದಲು ನನ್ನ ಬೆಲ್ಟನ್ನು ಎಳೆದು ನೋಡಿದರು. ಒಮ್ಮೆಯಲ್ಲ, ಎರಡು ಸಲ.

ಆಗಲೇ ಇಸ್ತಿಯಾಕ ಹಗ್ಗ ಹೆಗಲಿಗೆ ಹಾಕಿಕೊಂಡು ಗೇಟಿನ ಒಳಗೆ ಬಂದ. ನಮ್ಮಿಬ್ಬರನ್ನು ಕಾರಿನೊಳಗೆ ನೋಡಿ ಬಾಯಿ ತೆರೆದು ನಿಂತ.

“ಸರ್, ಎಲ್ಲಿಗೆ ಹೊಂಟೀರಿ? ಗಾಡಿ ಒಯ್ಯಾಕ ನಾ ಬಂದೇನಿ...”

“ಮೊದಲ ಹಿಂದ ಹೋಗಿ ತಳ್ಳಪಾ, ಆಮ್ಯಾಲೆ ಮಾತಾಡು!” ಎಂದೆ.

“ಅಕ್ಕಾರ, ನಾ ಹಗ್ಗಾ ತಂದೇನ್ರಿ—”

“ತಳ್ಳು!”

ಪಾಪ, ಹೋಗಿ ತಳ್ಳಿದ. ನಮ್ಮ ಅಂಗಳ ರಸ್ತೆಯ ಕಡೆಗೆ ಇಳಿಜಾರು. ವರ್ಷ ನಿಂತ ಗಾಡಿ ಮೊದಲು ಮುಲುಕಿತು, ಆಮೇಲೆ ಒಮ್ಮೆಲೇ ಉರುಳಿತು. ನಾನು ಎಣಿಸಿದ್ದಕ್ಕಿಂತ ಜೋರಾಗಿ ಉರುಳಿತು. ಗೇಟು ದಾಟಿ ಮೂತಿ ರಸ್ತೆಗೆ ಬಂತು, ಅಷ್ಟೆ, ಬಲಗಡೆಯಿಂದ ಬಾಳೆಗಿಡ ಕಟ್ಟಿದ ಟೆಂಪೊ ಒಂದು ಹಾರ್ನ್ ಹೊಡೆಯುತ್ತ ಮೈಮೇಲೇ ಬಂದ ಹಾಗೆ ಬಂತು.

“ಯಪ್ಪಾ!” ಎಂದು ಕೂಗಿದೆ.

ಇವರು ಬ್ರೇಕಿನ ಮೇಲೆ ಎದ್ದು ನಿಂತರು. ಗಾಡಿ ಗಕ್ಕನೆ ನಿಂತಿತು. ನಾನು ಮುಂದಕ್ಕೆ ಹಾರಿದೆ. ಹೋದ ವರ್ಷದ ಹಾಗೆಯೇ ಡ್ಯಾಶ್‌ಬೋರ್ಡ್ ಮುಖದ ಕಡೆ ಬಂತು. ಬೆಲ್ಟು ಎದೆಗೆ ಚುರುಕ್ಕೆಂದು ಬಿಗಿದು ನನ್ನನ್ನು ಸೀಟಿಗೆ ಎಳೆದುಕೊಂಡಿತು. ಟೆಂಪೊದವನು ಬೈದುಕೊಂಡು ಮುಂದೆ ಹೋದ.

ಇವರು ತಿರುಗಿ ನನ್ನನ್ನು ನೋಡುತ್ತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ಹೆಗಲು ಮುಟ್ಟಿದರು, ಮೊಣಕಾಲು ಮುಟ್ಟಿದರು, ಮತ್ತೆ ಹೆಗಲು ಮುಟ್ಟಿದರು.

“ಏನೂ ಆಗಿಲ್ರೀ” ಎಂದೆ.

“ಏನೂ ಆಗಿಲ್ಲ?”

“ಏನೂ ಆಗಿಲ್ಲ. ಸೀರಿ ಮುದುಡೇತಿ ಅಷ್ಟ.”

ಅವರು ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತರು. ಗಟ್ಟಿಯಾಗಿ, ರಸ್ತೆಯ ಮೇಲೆ, ಹಬ್ಬದ ದಿನ. ನಾನು ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತೆ. ಇಸ್ತಿಯಾಕ ಕಿಟಕಿಯ ಬಳಿ ಬಂದು ಬಗ್ಗಿದ. “ಸರ್, ಯಾಕ್ರಿ? ಪೆಟ್ಟಾತೇನು?”

ಇವರು ತಲೆ ಎತ್ತಿದರು. ಹೆಗಲ ಮೇಲಿನ ಟಾವೆಲ್ಲಿನಿಂದ ಮುಖ ಒರೆಸಿಕೊಂಡು ರಸ್ತೆಯ ಎರಡೂ ಕಡೆ ನೋಡಿದರು. ಗಾಡಿಯನ್ನು ಎರಡನೇ ಗೇರಿಗೆ ಹಾಕಿ ಕ್ಲಚ್ ಒತ್ತಿ ಹಿಡಿದರು.

“ಇಸ್ತಿಯಾಕ್, ನಿನ್ನ ಗಿರಾಕಿಗೆ ಬ್ಯಾರೆ ಗಾಡಿ ನೋಡಪಾ” ಎಂದರು. “ಈಗ ಇನ್ನೊಮ್ಮಿ ತಳ್ಳು. ಜೋರಾಗಿ ತಳ್ಳು.”